ಗುಲಾಬಿಗೆ ಕಣ್ಣೀರು, ಹಸೀನಾಗೆ ಬೆನ್ನು

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ 12 ಕಥೆಗಳ ಆ ಸಂಕಲನದ ಸುದ್ದಿ ನಮ್ಮ ಮೊಹಲ್ಲಾದಲ್ಲೂ ಸಂಭ್ರಮ ತಂದಿತು. ಅವರ ಒಂದು ಕಥೆಯನ್ನೂ ಓದದವರ ವಾಟ್ಸಾಪ್‌ನಲ್ಲಿ ಅವರ ಭಾವಚಿತ್ರ ಕಾಣಿಸಿಕೊಂಡಿತು. ಒಳ್ಳೆಯದೇ. ಆ ಭರದಲ್ಲಿ ನಾನೊಂದು ಸಲಹೆ ಮುಂದಿಟ್ಟೆ: ಅವರ ‘ಕರಿ ನಾಗರಗಳು’ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಎಂಬ ಚಿತ್ರ ಮಾಡಿದ್ದಾರೆ, ಶಾದಿ ಮಹಲಿನಲ್ಲಿ ಒಂದು ಸಂಜೆ ಅದನ್ನು ತೋರಿಸೋಣ.

ಮಹಲಿನ ಕಮಿಟಿಯ ಹಿರಿಯರೊಬ್ಬರು ಬಹಳ ಪ್ರೀತಿಯಿಂದಲೇ ಹೇಳಿದರು: “ಅದ್ಯಾಕೆ ಬೇಟಾ? ಅದೇ ಡೈರೆಕ್ಟರ್ರು ‘ಗುಲಾಬಿ ಟಾಕೀಸ್’ ಅಂತ ಮಾಡಿದಾರಲ್ಲ, ಅದನ್ನ ಹಾಕು. ಅದರಲ್ಲಿ ನಮ್ಮೋರಿಗೆ ಆಗೋ ಅನ್ಯಾಯ ತೋರಿಸಿದಾರೆ.”

“ಇದರಲ್ಲೂ ನಮ್ಮೋರಿಗೆ ಆಗೋ ಅನ್ಯಾಯಾನೇ ಇರೋದು ಚಾಚಾ” ಎಂದೆ. ಅವರು ಮೊಬೈಲ್ ನೋಡತೊಡಗಿದರು.

ಈ ಲೇಖನ ಆ ಮೌನದ ಜೊತೆಗಿನ ಜಗಳ. ನಾನು ಚಾಚಾರನ್ನು ಒಬ್ಬರನ್ನೇ ದೂರುತ್ತಿಲ್ಲ. ನಾವೆಲ್ಲರೂ, ಪತ್ರಿಕೆ ಓದುವ, ಸಂವಾದಗಳಿಗೆ ಹೋಗುವ, ಕೋಮುವಾದದ ವಿರುದ್ಧ ಕರಪತ್ರ ಹಂಚುವ ನಾವು ಕೂಡ, ಒಬ್ಬನೇ ನಿರ್ದೇಶಕನ ಎರಡು ಚಿತ್ರಗಳಲ್ಲಿ ಒಂದನ್ನು ಎದೆಗೊತ್ತಿಕೊಂಡು ಇನ್ನೊಂದನ್ನು ಕಪಾಟಿನಲ್ಲಿಟ್ಟಿದ್ದೇವೆ. ಒಂದರಲ್ಲಿ ನಾವು ಏಟು ತಿಂದವರು. ಇನ್ನೊಂದರಲ್ಲಿ ಏಟು ಕೊಟ್ಟವರು.

ಕಾಸರವಳ್ಳಿ ಎಂದರೆ ಕನ್ನಡದ ಓದುಗರಿಗೆ ನಾಲ್ಕು ಸ್ವರ್ಣಕಮಲಗಳು ನೆನಪಾಗುತ್ತವೆ: ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತ ಹುಡುಗರಿಗೂ ಈ ಪಟ್ಟಿ ಬಾಯಿಪಾಠ. ‘ಘಟಶ್ರಾದ್ಧ’ದ ಪುಣ್ಯ ಇನ್ನೂ ದೊಡ್ಡದು, ಅದರ ಪ್ರತಿಯನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಆದರೆ ಸ್ವರ್ಣಕಮಲ ಸಿಗದ ಚಿತ್ರಗಳ ಗತಿಯೇನು? ಯಶವಂತ ಚಿತ್ತಾಲರ ಕಾದಂಬರಿಯಿಂದ ಬಂದ ‘ಮೂರು ದಾರಿಗಳು’, ದೂರದರ್ಶನಕ್ಕಾಗಿ ಮಾಡಿದ, ಯಕ್ಷಗಾನ ಕಲಾವಿದನೊಬ್ಬನ ಕಥೆಯಾದ ‘ಬಣ್ಣದ ವೇಷ’, ನಾಸಿರುದ್ದೀನ್ ಶಾ ಮತ್ತು ದೀಪ್ತಿ ನವಲ್ ಅಭಿನಯಿಸಿದ ‘ಮನೆ’, ಮನೆಯವರಿಗೇ ಬೇಡವಾದ, ಕಥೆ ಹೇಳುವ ಮುದುಕಿಯ ‘ಕ್ರೌರ್ಯ’, ಕೊನೆಗೆ ಈ ‘ಹಸೀನಾ’. ಇವುಗಳಲ್ಲಿ ಎರಡನ್ನಾದರೂ ನೋಡಿದವರು ನನ್ನ ಪರಿಚಯದಲ್ಲಿ ಬೆರಳೆಣಿಕೆಯಷ್ಟು. ಪ್ರಶಸ್ತಿಯ ಪಟ್ಟಿಯಿಂದ ಕಲಾವಿದನನ್ನು ಅಳೆಯುವ ನಮ್ಮ ಚಾಳಿಗೆ ಸಿಕ್ಕ ಶಿಕ್ಷೆಯಿದು. ಚಿತ್ರ ನೋಡದೆಯೇ ನಿರ್ದೇಶಕನನ್ನು ಗೌರವಿಸುವುದು ನಮಗೆ ಸಲೀಸು.

‘ಹಸೀನಾ’ಗೆ ಪ್ರಶಸ್ತಿ ಬರಲಿಲ್ಲ ಎಂದಲ್ಲ. ತಾರಾ ಅವರಿಗೆ ರಾಷ್ಟ್ರದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ಚಿತ್ರಕ್ಕೆ ಕುಟುಂಬ ಕಲ್ಯಾಣ ಕುರಿತ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿಯೂ ಬಂತು. ಕುಟುಂಬ ಕಲ್ಯಾಣ! ಆರೋಗ್ಯ ಇಲಾಖೆಯ ಗೋಡೆಬರಹದಂತಿರುವ ಈ ಹೆಸರಿನಡಿ ಒಂದು ಹೆಣ್ಣಿನ ಜಗಳವನ್ನು ಹೂತುಹಾಕಿದಂತಾಯಿತು. ಗಂಡ ಕೈಬಿಟ್ಟ ಮುಸ್ಲಿಂ ಹೆಂಗಸು, ಹೆಣ್ಣುಮಕ್ಕಳ ಸಾಲು, ಬಡತನ. ಸರಿ, ಕುಟುಂಬ ಕಲ್ಯಾಣ. ಯಮುನಾಳನ್ನು ಅಗ್ರಹಾರ ಹೊರಹಾಕಿದರೆ ಅದು ಮನುಷ್ಯಕುಲದ ದುರಂತ, ಹಸೀನಾಳನ್ನು ಜಮಾಅತ್ ಹೊರಗೆ ಕೂರಿಸಿದರೆ ಅದು ಸಮುದಾಯದ ಸಮಸ್ಯೆ. ಸಮಿತಿಯವರು ಹೀಗೆಂದು ಬರೆದಿಟ್ಟಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಕಪಾಟಿನ ಯಾವ ಅರೆಯಲ್ಲಿ ಇಟ್ಟರು ಎಂಬುದೇ ಸಾಕಷ್ಟು ಹೇಳುತ್ತದೆ.

ಚಿತ್ರದ ಕಥೆ ಸರಳ. ಹಸೀನಾಳ ಗಂಡ ಯಾಕೂಬ್ ಆಟೋ ಓಡಿಸುವವನು. ಹೆಣ್ಣುಮಕ್ಕಳಿದ್ದಾರೆ. ಮತ್ತೆ ಬಸುರಿ. ಸ್ಕ್ಯಾನಿಂಗ್ ಮಾಡಿಸಿ ನೋಡಿದರೆ ಅದೂ ಹೆಣ್ಣು. ಯಾಕೂಬ್ ಮನೆಬಿಟ್ಟು ಹೋಗುತ್ತಾನೆ. (ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿತ್ತು. ನಮ್ಮ ಯಾಕೂಬರು ಶರೀಅತ್ತಿನ ಮಾತು ಬಂದಾಗ ಕಟ್ಟಾ ಸಂಪ್ರದಾಯಸ್ಥರು, ಸ್ಕ್ಯಾನಿಂಗ್ ಮಾತು ಬಂದಾಗ ಅತ್ಯಾಧುನಿಕರು.) ಅವಳು ಮನೆಗೆಲಸಕ್ಕೆ ಹೋಗುತ್ತಾಳೆ, ಸಾಲುವುದಿಲ್ಲ. ಜೀವನಾಂಶ ಕೇಳಿ ಮುತವಲ್ಲಿಯ ಬಳಿಗೆ ಬರುತ್ತಾಳೆ. ಇಂದು ಬಾ, ನಾಳೆ ಬಾ. ಜುಲೇಖಾ ಬೇಗಂ ಎಂಬ ಓದಿದ ಹೆಣ್ಣುಮಗಳು ಅವಳಿಗೆ ಅವಳ ಧರ್ಮವೇ ಕೊಟ್ಟ ಹಕ್ಕುಗಳನ್ನು ತಿಳಿಸಿ ಹೇಳುತ್ತಾಳೆ. ಕೊನೆಗೆ ಹಸೀನಾ ಮಸೀದಿಯ ಎದುರು ಹೋಗಿ ಕುಳಿತುಬಿಡುತ್ತಾಳೆ.

ಈ ಕುಳಿತುಕೊಳ್ಳುವುದಿದೆಯಲ್ಲ, ಅದನ್ನು ಸರಿಯಾಗಿ ನೋಡಬೇಕು. ಅವಳು ಮಸೀದಿಗೆ ಬೆನ್ನು ಹಾಕಿ ಹೋಗಲಿಲ್ಲ. ಪೊಲೀಸ್ ಠಾಣೆಗೆ ಹೋಗಿ ಕೂರಲಿಲ್ಲ. ಮಸೀದಿಯ ಎದುರಿಗೇ ಬಂದು ಕೂತಳು. ನೀವು ಶುಕ್ರವಾರ ಮಿಂಬರ್ ಮೇಲೆ ನಿಂತು ಹೇಳುತ್ತೀರಲ್ಲ, ಅದನ್ನೇ ಕೊಡಿ ಎಂಬುದಷ್ಟೇ ಅವಳ ಬೇಡಿಕೆ. ಇದಕ್ಕಿಂತ ಹೆಚ್ಚಿನ ನಂಬಿಕೆಯನ್ನು ಒಬ್ಬ ಹೆಂಗಸು ಒಂದು ಸಂಸ್ಥೆಯ ಮೇಲೆ ಇಡಲು ಸಾಧ್ಯವೇ? ಇದನ್ನು ‘ಮಸೀದಿಗೆ ಅವಮಾನ’ ಎಂದು ಕರೆಯುವವರು ಕಣ್ಣು ಮುಚ್ಚಿಕೊಂಡು ಚಿತ್ರ ನೋಡಿದವರು, ಇಲ್ಲವೇ ನೋಡದೆಯೇ ತೀರ್ಪು ಕೊಟ್ಟವರು.

ಕುರ್‌ಆನಿನ 58ನೆಯ ಅಧ್ಯಾಯದ ಹೆಸರೇ ‘ಅಲ್ ಮುಜಾದಲಾ’. ತನ್ನ ಗಂಡನ ವಿಷಯವಾಗಿ ಪ್ರವಾದಿಯವರೊಡನೆ ವಾದಿಸಿದ ಹೆಣ್ಣಿನಿಂದ ಆ ಅಧ್ಯಾಯ ಆರಂಭವಾಗುತ್ತದೆ. ಅವಳ ಮಾತನ್ನು ಅಲ್ಲಾಹನು ಕೇಳಿಸಿಕೊಂಡ ಎಂಬುದೇ ಅಲ್ಲಿಯ ಮೊದಲ ಸಂಗತಿ. ಆಕೆ ಖೌಲಾ ಬಿಂತ್ ಸಅಲಬಾ. ಗಂಡ ಅವಳನ್ನು ಅತ್ತ ಹೆಂಡತಿಯಾಗಿಯೂ ಇಟ್ಟುಕೊಳ್ಳದೆ ಇತ್ತ ಬಿಡುಗಡೆಯನ್ನೂ ಕೊಡದೆ ನಡುವೆ ತೂಗುಹಾಕಿದ್ದ. ಆಕೆ ಸುಮ್ಮನಿರಲಿಲ್ಲ, ಬಂದು ವಾದಿಸಿದಳು, ಅವಳ ವಾದದಿಂದ ಕಾನೂನೇ ಬದಲಾಯಿತು. ಮುಂದೆ ಖಲೀಫ ಉಮರ್ ದಾರಿಯಲ್ಲಿ ಹೋಗುವಾಗ ಮುದುಕಿಯಾಗಿದ್ದ ಇದೇ ಖೌಲಾ ಅವರನ್ನು ತಡೆದು ನಿಲ್ಲಿಸಿ ಬುದ್ಧಿ ಹೇಳಿದರೆಂದೂ ಅವರು ನಿಂತು ಪೂರ್ತಿ ಕೇಳಿಸಿಕೊಂಡರೆಂದೂ ಪರಂಪರೆ ಹೇಳುತ್ತದೆ. ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಇಸ್ಲಾಂ ಹೆಣ್ಣಿಗೆ ಕೊಟ್ಟ ಸ್ಥಾನ ಎಂಬ ವಿಷಯದ ಮೇಲೆ ಎಷ್ಟು ಸಲ ಕೇಳಿಲ್ಲ! ಏಳನೆಯ ಶತಮಾನದ ಖೌಲಾ ಎಂದರೆ ನಮಗೆ ಹೆಮ್ಮೆ. ಇಪ್ಪತ್ತೊಂದನೆಯ ಶತಮಾನದ ಖೌಲಾ ಕಾಯಿಲೆಯ ಮಗುವಿನೊಡನೆ ಬಂದು ಮಸೀದಿಯ ಎದುರು ಕೂತರೆ ಅವಳಿಗೆ ಯಾರೋ ಕುಮ್ಮಕ್ಕು ಕೊಟ್ಟಿದ್ದಾರೆ.

ಹೆಣ್ಣು ಹುಟ್ಟಿದ ಸುದ್ದಿ ಕೇಳಿ ಮುಖ ಕಪ್ಪಿಡುವ ಗಂಡಸರನ್ನು ‘ಅನ್ನಹ್ಲ್’ ಅಧ್ಯಾಯ ಹೆಚ್ಚುಕಡಿಮೆ ಯಾಕೂಬನ ಮುಖವನ್ನೇ ನೋಡಿದಂತೆ ಚಿತ್ರಿಸುತ್ತದೆ. ಜುಲೇಖಾ ಬೇಗಂ ಹೇಳಿಕೊಡುವುದು ಇಂಥದ್ದನ್ನೇ. ಹಾಗಾದರೆ ‘ಹಸೀನಾ’ ಯಾರ ವಿರುದ್ಧದ ಚಿತ್ರ? ಇಸ್ಲಾಮಿನ ವಿರುದ್ಧವೋ, ಇಸ್ಲಾಮನ್ನು ತನ್ನ ಕಿಸೆಯಲ್ಲಿಟ್ಟುಕೊಂಡು ಓಡಾಡುವ ಮುತವಲ್ಲಿಯ ವಿರುದ್ಧವೋ?

ಚಿತ್ರದಲ್ಲಿ ಕುಂದಿಲ್ಲವೆಂದು ನಾನು ವಾದಿಸುವುದಿಲ್ಲ. ಜುಲೇಖಾಳ ಮಾತು ಕೆಲವೆಡೆ ಉಪನ್ಯಾಸದ ದಾರಿ ಹಿಡಿಯುತ್ತದೆ. ‘ತಬರನ ಕಥೆ’ಯಲ್ಲಿ ಒಂದು ಕಚೇರಿಯ ಬೆಂಚು, ಒಂದು ಕಡತ ಹೇಳಿದ್ದನ್ನು ಇಲ್ಲಿ ಪಾತ್ರವೊಂದು ಬಾಯಿಬಿಟ್ಟು ಹೇಳಬೇಕಾಗಿದೆ. ಒಂದು ಸಮುದಾಯದ ಒಳಮನೆಯನ್ನು ಹೊರಗಿನ ಪ್ರೇಕ್ಷಕನಿಗೆ ವಿವರಿಸಬೇಕಾದ ಸಂಕಟ ಅದರ ಹಿಂದೆ ಇರಬಹುದು. ಅದೇನಿದ್ದರೂ ಕಲೆಯ ಜಗಳ. ನಮ್ಮವರು ಅದನ್ನು ಎತ್ತಿದ್ದರೆ ನಾನು ಸಂತೋಷದಿಂದ ಕೂತು ಮಾತಾಡುತ್ತಿದ್ದೆ.

ಅವರು ಎತ್ತುವುದು ಬೇರೆ ಮಾತು. “ಹೊರಗಿನವರು ನಮ್ಮ ಮನೆಯ ಕೊಳೆಬಟ್ಟೆಯನ್ನು ಬೀದಿಯಲ್ಲಿ ಯಾಕೆ ಒಗೆಯಬೇಕು?” ಪ್ರಶ್ನೆ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಈ ಹೊರಗಿನವರು ತೀರ್ಥಹಳ್ಳಿ ತಾಲೂಕಿನ ಕೆಸಲೂರಿನಲ್ಲಿ ಹುಟ್ಟಿ, ಮೊದಲ ಚಿತ್ರದಲ್ಲೇ ತಾವು ಹುಟ್ಟಿದ ಬ್ರಾಹ್ಮಣ ಸಮಾಜದ ಅಗ್ರಹಾರವನ್ನು ಕಟಕಟೆಗೆ ತಂದವರು. ‘ಘಟಶ್ರಾದ್ಧ’ದಲ್ಲಿ ಜೀವಂತ ಹೆಣ್ಣಿಗೆ ಶ್ರಾದ್ಧ ಮಾಡಿ ಹೊರದಬ್ಬಿದ್ದನ್ನು ನಾವು ಚಪ್ಪಾಳೆ ತಟ್ಟಿ ನೋಡಿದೆವು, ನೋಡಿ, ಅವರಲ್ಲಿ ಹೀಗೆಲ್ಲ ಇದೆ ಎಂದೆವು. ತಮ್ಮ ಮನೆಯ ಬಟ್ಟೆಯನ್ನು ಮೊದಲು ಒಗೆದು 27 ವರ್ಷಗಳ ನಂತರ ನಮ್ಮ ಬೀದಿಗೆ ಬಂದವರನ್ನು ಹೊರಗಿನವರು ಎನ್ನುವುದಾದರೆ ಒಳಗಿನವರು ಯಾರು?

ಒಳಗಿನವರೇ ಬರೆದ ಕಥೆ ಇದು. ಹಾಸನದ ಬಾನು ಮುಷ್ತಾಕ್ ವಕೀಲರು. ಬಂಡಾಯ ಚಳವಳಿಯಿಂದ ಬಂದವರು. ಮಸೀದಿಗೆ ಹೆಣ್ಣುಮಕ್ಕಳ ಪ್ರವೇಶದ ಹಕ್ಕನ್ನು ಪ್ರತಿಪಾದಿಸಿದ್ದಕ್ಕೆ 2000ನೇ ಇಸವಿಯಲ್ಲಿ ಆ ಒಳಗಿನವರಿಗೆ ನಾವು ಕೊಟ್ಟದ್ದು ಸಾಮಾಜಿಕ ಬಹಿಷ್ಕಾರ. ಒಳಗಿನವರು ಹೇಳಿದರೆ ಬಹಿಷ್ಕಾರ, ಹೊರಗಿನವರು ಹೇಳಿದರೆ ನಿನಗೇಕೆ ಉಸಾಬರಿ. ಅಂದಮೇಲೆ ಹೇಳಬೇಕಾದವರು ಯಾರು, ಮಲಕುಗಳೇ? 2025ರ ಸೆಪ್ಟೆಂಬರಿನಲ್ಲಿ ಅದೇ ಬಾನು ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಇನ್ನೊಂದು ಬಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಸೋತಿತು. ಆಗ ನಾವೆಲ್ಲ ಅವರ ಬೆನ್ನಿಗೆ ನಿಂತೆವು. ನಿಲ್ಲಲೇಬೇಕಿತ್ತು. ಆದರೆ 25 ವರ್ಷಗಳ ಹಿಂದಿನ ಬಾಕಿ ಹಾಗೆಯೇ ಇದೆ, ಅದಕ್ಕೆ ಯಾರೂ ರಸೀದಿ ಕೊಟ್ಟಿಲ್ಲ.

ಇನ್ನೊಂದು ಬಣದ ಮಾತು ಬಂತು. ಮುಸ್ಲಿಂ ಹೆಣ್ಣಿನ ಗೋಳು ಕಂಡಾಗ ಮಾತ್ರ ಕರುಳು ಚುರ್ರೆನ್ನುವವರು ಈ ನಾಡಿನಲ್ಲಿ ಹೇರಳ. ಅವರ ಕೈಗೆ ‘ಹಸೀನಾ’ ಸಿಕ್ಕರೆ ಏನಾಗುತ್ತದೆ ಎಂಬ ಭಯ ನಮ್ಮ ಹಿರಿಯರಿಗಿದೆ. ಭಯ ಸುಳ್ಳಲ್ಲ. ಹಸೀನಾಳ ಪಾತ್ರ ಮಾಡಿದ ನಟಿ ಮುಂದೆ ಬಿಜೆಪಿ ಸೇರಿದರು ಎಂದು ಬೊಟ್ಟು ಮಾಡುವವರೂ ಇದ್ದಾರೆ. ಗುಲಾಬಿಯಾದ ಉಮಾಶ್ರೀ ಕಾಂಗ್ರೆಸ್ಸಿನಿಂದ ಮಂತ್ರಿಯಾದರು. ಇವರಿಬ್ಬರ ಪಕ್ಷ ನೋಡಿ ಪಾತ್ರದ ನ್ಯಾಯ ತೀರ್ಮಾನಿಸುವುದಾದರೆ ಸಿನಿಮಾ ನೋಡುವುದನ್ನೇ ಬಿಡಬಹುದು.

ಆ ಬಣಕ್ಕೆ ಉತ್ತರ ಬೇಕಾದರೆ ಕಾಸರವಳ್ಳಿಯವರ ಇನ್ನೊಂದು ಮರೆತ ಚಿತ್ರಕ್ಕೆ ಹೋಗಬೇಕು. 1990ರ ದಶಕದ ಆರಂಭದ ‘ಮನೆ’. ಹಳ್ಳಿಯಿಂದ ನಗರಕ್ಕೆ ಬಂದ ಯುವದಂಪತಿಗೆ ಕೊನೆಗೂ ಒಂದು ಬಾಡಿಗೆ ಮನೆ ಸಿಗುತ್ತದೆ. ಪಕ್ಕದಲ್ಲೇ ಕೆಲಸಗಾರರ ಶೆಡ್ಡು, ಹಗಲಿರುಳು ಸದ್ದು. ಸಹಿಸಲಾಗದೆ, ತಮಗೆ ಪರಿಚಯವಿದ್ದವರ ಮೂಲಕ ಪೊಲೀಸ್ ಅಧಿಕಾರವನ್ನು ಕರೆತರುತ್ತಾರೆ. ಸದ್ದು ನಿಲ್ಲುತ್ತದೆ, ಬಡವರು ಎತ್ತಂಗಡಿಯಾಗುತ್ತಾರೆ. ಆದರೆ ಹಾಗೆ ಬಂದ ಅಧಿಕಾರ ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ, ತನ್ನ ಬೆಲೆ ಕೇಳುತ್ತದೆ. ಇವರ ನೆಮ್ಮದಿಯೂ ಹೋಗುತ್ತದೆ. ತಲಾಖ್ ಕುರಿತ 2019ರ ಕಾನೂನಿನ ಚರ್ಚೆ ನಡೆಯುತ್ತಿದ್ದಾಗ ನನಗೆ ಪದೇ ಪದೇ ನೆನಪಾದದ್ದು ಈ ಚಿತ್ರ. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು ಎಂದಿತು ಆ ಕಾನೂನು. ಯಾಕೂಬ್ ಮಾಡಿದ್ದು ಮನೆಬಿಟ್ಟು ಹೋಗುವುದು. ಹೇಳದೆ ಕೇಳದೆ ಹೆಂಡತಿಯನ್ನು ಬಿಟ್ಟು ಹೋಗುವ ಗಂಡನಿಗೆ ಆ ಕಾನೂನಿನಲ್ಲಿ ಏನೂ ಇಲ್ಲ. ಹಾಗೆ ಬಿಟ್ಟು ಹೋದವರು ಎಲ್ಲ ಧರ್ಮದಲ್ಲೂ ಇದ್ದಾರೆ ಎಂಬ ಕಾರಣಕ್ಕೇ ಇರಬೇಕು, ಅದು ಯಾರ ಚುನಾವಣಾ ಭಾಷಣದಲ್ಲೂ ಬರುವುದಿಲ್ಲ. ಹಸೀನಾಳಿಗೆ ಬೇಕಾದದ್ದು ಗಂಡ ಜೈಲಿಗೆ ಹೋಗುವುದಲ್ಲ, ಮಕ್ಕಳ ಹೊಟ್ಟೆಗೆ ಅನ್ನ.

ಅದನ್ನು ಕೊಡುವ ಹೊಣೆ ಯಾರದು ಎಂಬುದನ್ನೂ ನೋಡೋಣ. ಶಾಬಾನು ತೀರ್ಪು 1985ರಲ್ಲಿ ಬಂದಾಗ ನಾವು ಬೀದಿಗಿಳಿದೆವು. ನಮ್ಮನ್ನು ಸಮಾಧಾನಪಡಿಸಲು 1986ರಲ್ಲಿ ಹೊಸ ಕಾನೂನು ಬಂತು. ಆ ಕಾನೂನಿನ 4ನೆಯ ಕಲಮನ್ನು ನಮ್ಮ ಎಷ್ಟು ಕಮಿಟಿಗಳು ಓದಿವೆ? ವಿಚ್ಛೇದಿತೆಯನ್ನು ನೋಡಿಕೊಳ್ಳಲು ಬಂಧುಗಳಿಗೆ ಶಕ್ತಿಯಿಲ್ಲದಿದ್ದರೆ ರಾಜ್ಯದ ವಕ್ಫ್ ಮಂಡಳಿಯೇ ಜೀವನಾಂಶ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದು ಎಂದು ಅಲ್ಲಿದೆ. ನಾವೇ ಹೋರಾಡಿ ಪಡೆದ ಕಾನೂನು, ನಮ್ಮದೇ ವಕ್ಫ್, ನಮ್ಮದೇ ಹೆಣ್ಣುಮಗಳು. ಅವಳು ಮಾತ್ರ ಮಸೀದಿಯ ಹೊರಗೆ. ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ 2001ರಲ್ಲಿ, ಮತ್ತೆ ಅಬ್ದುಲ್ ಸಮದ್ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು ವಿಚ್ಛೇದಿತ ಮುಸ್ಲಿಂ ಹೆಣ್ಣಿನ ಜೀವನಾಂಶದ ಹಕ್ಕನ್ನು ಎತ್ತಿಹಿಡಿಯಬೇಕಾಯಿತು. ಜಮಾಅತ್ ಮಾಡಬೇಕಾದ ಕೆಲಸವನ್ನು ಕೋರ್ಟು ಮಾಡಿದಾಗ ‘ಹಸ್ತಕ್ಷೇಪ’ ಎನ್ನುವ ನಾವು, ಆ ಕೆಲಸ ನಮ್ಮ ಕೈಯಲ್ಲಿ ಎಷ್ಟು ವರ್ಷ ಕೊಳೆಯಿತು ಎಂಬುದನ್ನು ಲೆಕ್ಕ ಹಾಕುವುದಿಲ್ಲ.

2025ರಲ್ಲಿ ವಕ್ಫ್ ತಿದ್ದುಪಡಿ ಕಾನೂನಿನ ವಿರುದ್ಧ ನಾವು ಮೆರವಣಿಗೆ ಮಾಡಿದೆವು. ನಾನೂ ಹೋಗಿದ್ದೆ, ಇನ್ನೂ ಹೋಗುತ್ತೇನೆ. ವಕ್ಫ್ ಆಸ್ತಿ ಸರ್ಕಾರದ್ದಲ್ಲ, ಸಮುದಾಯದ್ದು ಎಂಬ ಘೋಷಣೆ ಕೂಗುವಾಗ ಮಾತ್ರ ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಯಿತು. ಸಮುದಾಯದ್ದು, ಸರಿ. ಆ ಸಮುದಾಯದಲ್ಲಿ ಹಸೀನಾ ಇದ್ದಾಳೆಯೇ? ಮುತವಲ್ಲಿ ಎಂದರೆ ಮಾಲೀಕನಲ್ಲ, ಇನ್ನೊಬ್ಬರ ಆಸ್ತಿ ನೋಡಿಕೊಳ್ಳುವವನು. ಮೆರವಣಿಗೆಯಲ್ಲಿ ನನ್ನ ಮುಂದೆ ನಡೆಯುತ್ತಿದ್ದವರಲ್ಲಿ ಎಷ್ಟು ಜನರಿಗೆ ಈ ವ್ಯತ್ಯಾಸ ನೆನಪಿತ್ತೋ.

ಈಗ ‘ಗುಲಾಬಿ ಟಾಕೀಸ್’ಗೆ ಬರೋಣ. 2008ರ ಈ ಚಿತ್ರ ನನಗೆ ‘ಹಸೀನಾ’ಗಿಂತ ದೊಡ್ಡ ಚಿತ್ರ, ಅದರಲ್ಲಿ ಅನುಮಾನವಿಲ್ಲ. ವೈದೇಹಿಯವರ ಕಥೆಯಲ್ಲಿದ್ದ ಊರಿನ ಟಾಕೀಸನ್ನು ಕಾಸರವಳ್ಳಿ ಕಾರ್ಗಿಲ್ ಯುದ್ಧದ ಕಾಲದ, ಡಿಶ್ ಆಂಟೆನಾ ಬಂದ ಕಾಲದ, ಕುಂದಾಪುರದ ಕಡೆಯ ಮೀನುಗಾರರ ಕುದ್ರುವಿಗೆ ತಂದರು. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ ಮನೆಯವರು ಟಿ.ವಿ. ಕೊಡಿಸುತ್ತಾರೆ. ಊರಿನ ಹೆಂಗಸರು ಜಾತಿ ಮರೆತು ಅವಳ ಮನೆಯಲ್ಲಿ ಸೇರುತ್ತಾರೆ. ಯುದ್ಧದ ಸುದ್ದಿ, ಸಾಬರ ದೊಡ್ಡ ದೋಣಿಗಳ ಮೇಲಿನ ಹೊಟ್ಟೆಕಿಚ್ಚು, ನೇತ್ರು ಎಂಬ ಹುಡುಗಿಯ ಕಣ್ಮರೆ ಎಲ್ಲ ಸೇರಿ ಒಂದು ದಿನ ಅದೇ ಗುಲಾಬಿ ಊರಿಗೆ ಬೇಡವಾಗುತ್ತಾಳೆ. ಇಡೀ ಊರಿನ ಮಕ್ಕಳನ್ನು ಎತ್ತಿಕೊಂಡ ಕೈಗಳು ಅವು. ಕರಾವಳಿಯ ಯಾವ ಮುಸಲ್ಮಾನನಿಗೆ ಇದು ತನ್ನ ಕಥೆ ಅನ್ನಿಸುವುದಿಲ್ಲ?

ಆದರೆ ಆ ಚಿತ್ರ ಶುರುವಾಗುವ ಹೊತ್ತಿಗೇ ಗುಲಾಬಿ ಒಂಟಿ. ಯಾಕೆ? ಗಂಡ ಮೂಸಾ ಅವಳನ್ನು ಬಿಟ್ಟು ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆ. ಊರು ಅವಳನ್ನು ದೋಣಿ ಹತ್ತಿಸುವುದಕ್ಕೆ ಬಹಳ ಮೊದಲೇ ಅವಳ ಮನೆಯವನು ಅವಳನ್ನು ದಡದಲ್ಲಿ ಬಿಟ್ಟು ಹೋಗಿದ್ದ. ನಾವು ಭಾಷಣಗಳಲ್ಲಿ ಗುಲಾಬಿಯನ್ನು ಉದಾಹರಿಸುವಾಗ ದೋಣಿಯಿಂದ ಶುರು ಮಾಡುತ್ತೇವೆ, ಮೂಸಾನನ್ನು ಹಾರಿಸಿಬಿಡುತ್ತೇವೆ. ಹಸೀನಾಳ ಯಾಕೂಬ, ಗುಲಾಬಿಯ ಮೂಸಾ ಇಬ್ಬರೂ ಒಂದೇ ಚಹದಂಗಡಿಯಲ್ಲಿ ಕೂರುವವರು. ನಾಲ್ಕು ವರ್ಷಗಳ ಅಂತರದಲ್ಲಿ ನಿರ್ದೇಶಕರು ಎರಡೂ ಚಿತ್ರ ಮಾಡಿದ್ದು ಆಕಸ್ಮಿಕವಲ್ಲ. ಒಳಗಿನ ಅನ್ಯಾಯದಿಂದ ಒಂಟಿಯಾದವಳ ಮೇಲೆಯೇ ಹೊರಗಿನ ಅನ್ಯಾಯ ಸುಲಭವಾಗಿ ಬೀಳುತ್ತದೆ ಎಂಬುದನ್ನು ಎರಡನ್ನೂ ಒಟ್ಟಿಗೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದನ್ನಷ್ಟೇ ನೋಡಿದವರು ಅರ್ಧ ನೋಡಿದವರು. ಇದು ಚಾಚಾರಿಗೂ ಅನ್ವಯಿಸುತ್ತದೆ, ‘ಹಸೀನಾ’ ಮಾತ್ರ ಸಾಕು ಎನ್ನುವ ಆ ಬಣಕ್ಕೂ ಅನ್ವಯಿಸುತ್ತದೆ. ಹಸೀನಾಳಿಗಾಗಿ ಮರುಗುವವರು ಗುಲಾಬಿಯನ್ನು ದೋಣಿ ಹತ್ತಿಸುವಾಗ ದಡದಲ್ಲಿ ಯಾವ ಗುಂಪಿನಲ್ಲಿ ನಿಂತಿದ್ದರು ಎಂದು ಕೇಳುವ ಹಕ್ಕು ನಮಗಿದೆ. ಹಸೀನಾಳನ್ನು ಒಳಗೆ ಕರೆದು ಕೂರಿಸಿದ ದಿನ ಆ ಹಕ್ಕಿಗೆ ಬಲ ಬರುತ್ತದೆ.

ಶಾದಿ ಮಹಲು ಸಿಗಲಿಲ್ಲ. ಆಮೇಲೊಂದು ಭಾನುವಾರ ಮಧ್ಯಾಹ್ನ ನನ್ನ ತಂಗಿಯ ಮನೆಯ ಮಾಳಿಗೆಯಲ್ಲಿ ‘ಹಸೀನಾ’ ಹಾಕಿದೆವು. ಗೋಡೆಗೊಂದು ಬಿಳಿ ಚಾದರ, ಬಾಡಿಗೆಯ ಪ್ರೊಜೆಕ್ಟರ್. ಬಂದವರು ಹದಿನೇಳು ಹೆಂಗಸರು. ಬೀಡಿ ಕಟ್ಟುವವರು, ಅಂಗನವಾಡಿಯಲ್ಲಿ ಅಡುಗೆ ಮಾಡುವವರು, ಬಿ.ಎಡ್. ಓದುವ ಇಬ್ಬರು ಹುಡುಗಿಯರು. ಗಂಡಸರೆಂದರೆ ನಾನು, ವೈರು ಸರಿಮಾಡಲು. ಚಿತ್ರ ಮುಗಿದ ಮೇಲೆ ಶರೀಅತ್ತಿಗೆ ಧಕ್ಕೆಯಾಯಿತೆಂದು ಯಾರೂ ಹೇಳಲಿಲ್ಲ. ಬಿ.ಎಡ್. ಹುಡುಗಿಯರಲ್ಲಿ ಒಬ್ಬಳು ‘ಅಲ್ ಮುಜಾದಲಾ’ ಎಲ್ಲಿದೆ ಎಂದು ಫೋನಿನಲ್ಲಿ ಹುಡುಕತೊಡಗಿದಳು. ಮೂಲೆಯಲ್ಲಿ ಕೂತಿದ್ದ ಖಾಲಾ ಒಬ್ಬರು, ಮೂರು ಹೆಣ್ಣುಮಕ್ಕಳನ್ನು ಒಬ್ಬರೇ ದಡ ಸೇರಿಸಿದವರು, ತುಸು ಹೊತ್ತು ಸುಮ್ಮನಿದ್ದು ನನ್ನನ್ನು ಕೇಳಿದರು:

“ಬೇಟಾ, ಆ ಯಾಕೂಬನ ಆಟೋ ಯಾರ ಹೆಸರಲ್ಲಿತ್ತು?”

ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ.

“ನಮ್ಮೋರದ್ದು ನನ್ನ ಹೆಸರಲ್ಲೇ ಇತ್ತು. ನನ್ನ ಒಡವೆ ಮಾರಿ ತಗೊಂಡಿದ್ದು” ಎಂದರು ಖಾಲಾ. “ಹೋಗೋವಾಗ ಅದರಲ್ಲೇ ಹೋದರು.”